ಗೋಡೆ ಕಡೆಯ ದಿಂಬು

ನವೆಂಬರ್ ೧೪, ಗುರುವಾರ. ಬ್ರಾಂಕ್ಸ್.

ಪ್ರಯಾಣದ ಅನುಮತಿ ಪತ್ರ ಇವತ್ತೂ ಬರಲಿಲ್ಲ. ಶನಿವಾರ ನಮ್ಮೂರು ಕುಮಾಸಿಯಲ್ಲಿ ನನ್ನ ಹೆಂಡತಿ ಸೆರ್ವಾಳ ಮಣ್ಣು. ಹೆಣ ಹೋದ ವಾರವೇ ಹೋಯಿತು. ಹೆಂಡತಿಯ ಶವಪೆಟ್ಟಿಗೆಯೊಳಗಿಡುವ ಚಾಪೆ, ಬಟ್ಟೆ, ದಿಂಬನ್ನು ಗಂಡನೇ ಕೈಯಾರೆ ಒಪ್ಪಿಸಬೇಕು, ನಮ್ಮಲ್ಲಿ ಅದೇ ಕಟ್ಟಳೆ.

ಹೆಂಡತಿ ಸತ್ತರೂ ಅವಳ ಮೂಲಕ ಹಾಕಿದ್ದ ಗ್ರೀನ್ ಕಾರ್ಡಿನ ಅರ್ಜಿ ಉಳಿಯುತ್ತದಂತೆ. ಪತ್ರವಿಲ್ಲದೆ ನಾನು ದೇಶ ದಾಟಿದರೆ ಮಾತ್ರ ಉಳಿಯುವುದಿಲ್ಲ. ವಕೀಲೆಯ ಕಾಗದದಲ್ಲಿ 'ಅಬ್ಯಾಂಡನ್' ಎಂದಿದೆ. ಕಾಲೇಜಿನಲ್ಲಿ ಉರುಹೊಡೆದಿದ್ದ ಪದ, ತೊರೆಯುವುದು ಅಂತಲೋ ಏನೋ.

ಸಂಜೆ ಅವಳ ತಮ್ಮ ಒಡುರೊ ಸಾಮಾನು ಒಯ್ಯಲು ಬಂದ, ಇವತ್ತೇ ಅವನ ವಿಮಾನ.

"ಊರಲ್ಲಿ ಹೆಂಗಸ್ರು ಏನಂತಾರೆ ಗೊತ್ತಾ ಬಾವ? ಕಾಗದಕ್ಕೆ ಕಟ್ಕೊಂಡೋನು ಕಾಗದದ ಹತ್ರಾನೇ ಕೂತವ್ನೆ ಅಂತ."

"ನೀನೇನಂತೀಯ?"

"ನಿನ್ ಮನೆ ಫುಫು ಉಂಡೋನು ನಾನು. ಬಾಯ್ಮುಚ್ಕೊಂಡಿದೀನಿ."

ಬಾಗಿಲ ಬಳಿ ಅವನನ್ನು ನಿಲ್ಲಿಸಿ, ಪೆಟ್ಟಿಗೆಗೆಂದು ಕೊಂಡಿದ್ದ ಹೊಸ ದಿಂಬನ್ನು ಚೀಲದಿಂದ ತೆಗೆದು, ಹಾಸಿಗೆಯ ಮೇಲಿದ್ದ ಅವಳ ದಿಂಬನ್ನೇ ತುರುಕಿದೆ. ಅದರಲ್ಲಿ ತಲೆಯೆಣ್ಣೆಯ ಕಲೆಯಿತ್ತು. ಒಡುರೊ ನೋಡಿ, ಚೀಲದ ಜಿಪ್ ಎಳೆದ. ಮದುವೆ ನಿಜವೋ ಎಂದು ನೋಡುವ ಸಂದರ್ಶನದಲ್ಲಿ, ಯಾರು ಯಾವ ಕಡೆ ಮಲಗುತ್ತೀರಿ ಎಂದು ಅಧಿಕಾರಿ ಕೇಳುತ್ತಾರೆಂದು ನಾನೂ ಅವಳೂ ಬಾಯಿಪಾಠ ಮಾಡಿದ್ದೆವು. "ಗೋಡೆ ಕಡೆ ನಾನು, ಗೊರಕೆ ಕಡೆ ನೀನು ಅಂತ ಹೇಳು," ಎಂದು ನಗುತ್ತಿದ್ದಳು.

ಗೋಡೆಯ ಕಡೆ ಈಗ ಹೊಸ ದಿಂಬು, ಪ್ಲಾಸ್ಟಿಕ್ ಬಿಚ್ಚಿಲ್ಲ. ಶನಿವಾರ ಎಲ್ಲವನ್ನೂ ಫೋನಿನಲ್ಲಿ ತೋರಿಸುತ್ತಾರಂತೆ. ಅವಳ ತಲೆ ಎತ್ತಿ ದಿಂಬು ಇಡುವವರು ಯಾರು, ಅದನ್ನು ಒಡುರೊನನ್ನು ಕೇಳಲೇ ಇಲ್ಲ. ಮೆಲ್ಲಗೆ ಎತ್ತಬೇಕು, ಅವಳಿಗೆ ಕತ್ತು ನೋವು.