ಸೀಸಿಯಂ ಹೊಲದ ಸಿಹಿನೀರು

ಕರೆಗುಡ್ಡ,
ಹತ್ತನೆಯ ಅರೆ ತುಂಬಿದ ಹದಿನೇಳನೆಯ ದಿನ
(ನಿಮ್ಮ ಲೆಕ್ಕದಲ್ಲಿ ೨೩೪೧ರ ಮಾರ್ಚ್)

ಬೋರ್ಡು ಬರೆಯಲಿರುವ ಪುಣ್ಯಾತ್ಮರಿಗೆ,

ಕರೆಗುಡ್ಡದ ಎಣಿಕೆಯವ್ವ ಕೊಟ್ರವ್ವ ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ನಿಮ್ಮ ಕ್ಷೇಮ ಕೇಳುವುದು ಹೇಗೆಂದು ತಿಳಿಯದು. ನನ್ನ ಪಾಲಿಗೆ ನೀವು ತೀರಿಹೋಗಿ ಇನ್ನೂರೈವತ್ತು ವರ್ಷವಾಗಿರಬೇಕು. ಈ ಕಾಗದ ಕೈಗೆ ಸೇರುವಾಗ ನೀವಿನ್ನೂ ಬೋರ್ಡಿಗೆ ಬಣ್ಣ ಕೂಡ ತಂದಿರಲಿಕ್ಕಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಒಂದು ರಸಾಯನಶಾಸ್ತ್ರದ ಪಠ್ಯಪುಸ್ತಕ ನಮ್ಮ ಮನೆಯಲ್ಲಿದೆ. ಮೊದಲ ಹಾಳೆಗಳನ್ನೂ ಕೊನೆಯ ಹಾಳೆಗಳನ್ನೂ ಇಲಿ ತಿಂದಿದೆ. ಅದನ್ನು ನೋಡಿ ನೋಡಿ ನಿಮ್ಮಂತೆ ಬರೆಯಲು ಹೆಣಗುತ್ತಿದ್ದೇನೆ.

ನಿಮ್ಮ ಲೆಕ್ಕದಲ್ಲಿ ಇನ್ನು ಕೆಲವು ವರ್ಷಗಳಿಗೆ ನಮ್ಮೂರ ಹೊಲವೊಂದರಲ್ಲಿ ಲಾರಿಯೊಂದು ಮಗುಚುತ್ತದೆ. ಅದರೊಳಗಿನ ಪುಡಿ ಗಾಳಿಗೆ ಆರು ಎಕರೆ ಹರಡುತ್ತದೆ. ಬೇಲಿ ಹಾಕುತ್ತಾರೆ. ನೀವು ಬಂದು ಬೋರ್ಡು ಬರೆಯುತ್ತೀರಿ: "ಸೀಸಿಯಂ. ಒಳಗೆ ಬರಬಾರದು." ಅಕ್ಷರ ಬಹಳ ಚೆನ್ನಾಗಿವೆ, ಈಗಲೂ ಮಕ್ಕಳಿಗೆ ಅದನ್ನೇ ನೋಡಿ ತಿದ್ದಿಸುತ್ತೇವೆ. ಆದರೆ ಊರಿಗಿದ್ದ ಒಂದೇ ಸಿಹಿನೀರ ಬಾವಿ ಆ ಹೊಲದ ನಡುವೆ ಉಳಿಯಿತು. ಮಿಕ್ಕ ಬಾವಿಗಳೆಲ್ಲ ಸವಳು. ಮುನ್ನೂರು ವರ್ಷ ನಾವು ಎಷ್ಟು ಕುದಿಸಿದರೂ ಬೇಯದ ಬೇಳೆ ತಿಂದೆವು, ಹಾಲು ಒಡೆಯುತ್ತದೆಂದು ಕರಿಚಹಾ ಕುಡಿದೆವು. ಕನ್ಯೆ ಕೊಡಲು ಬಂದವರು ಮೊದಲು ನೀರು ಕೇಳುತ್ತಾರೆ, ಒಂದು ಗುಟುಕು ಕುಡಿದು ಮೆಲ್ಲಗೆ ಚಪ್ಪಲಿ ಹುಡುಕುತ್ತಾರೆ. ನಮ್ಮೂರಲ್ಲಿ ಮದುವೆಯಾಗದ ಗಂಡಸರು ಎಷ್ಟಿದ್ದಾರೆಂದು ಬರೆದರೆ ನೀವು ನಗುತ್ತೀರಿ.

ಪುಸ್ತಕದ ವಿಷಯವನ್ನು ನಾನು ಮಕ್ಕಳಿಗೆ ಹೀಗೆ ಹೇಳಿಕೊಡುತ್ತೇನೆ. ಪರಮಾಣುವಿನ ನಡುವೆ ಒಂದು ಬೀಜ, ಅದರೊಳಗೆ ಪ್ರೋಟಾನು ಮತ್ತು ನ್ಯೂಟ್ರಾನು. ಪ್ರೋಟಾನುಗಳ ಎಣಿಕೆಯೇ ಮನೆತನ. ಐವತ್ತೈದಿದ್ದರೆ ಅದು ಸೀಸಿಯಂ ಮನೆಯದು, ಬೇರೆ ಮಾತಿಲ್ಲ. ನ್ಯೂಟ್ರಾನು ಹೆಚ್ಚುಕಡಿಮೆಯಾದರೆ ಮನೆತನ ಬದಲಾಗದು, ತೂಕ ಮಾತ್ರ ಬದಲಾಗುತ್ತದೆ. ನೀವು ಸಮಸ್ಥಾನಿಗಳು ಎನ್ನುವ ಇವರನ್ನು ನಾವು ದಾಯಾದಿಗಳು ಎನ್ನುತ್ತೇವೆ. ಒಂದೇ ಮನೆ, ಒಂದೇ ನಡವಳಿಕೆ, ಆಯುಷ್ಯ ಮಾತ್ರ ಬೇರೆ ಬೇರೆ. ಕೆಲವು ದಾಯಾದಿಗಳ ಬೀಜ ಗಟ್ಟಿಯಲ್ಲ. ಎಂದೋ ಒಂದು ಗಳಿಗೆ ಕಿರಣ ಸಿಡಿಸಿ, ಮನೆತನ ಬಿಟ್ಟು ಬೇರಿಯಂ ಮನೆ ಸೇರಿಬಿಡುತ್ತದೆ. ಯಾವುದು ಯಾವಾಗ ಹೋಗುತ್ತದೆಂದು ಯಾರೂ ಹೇಳಲಾರರು, ಅರ್ಧದಷ್ಟು ಹೋಗಲು ಎಷ್ಟು ಕಾಲ ಬೇಕೆಂದು ಮಾತ್ರ ಹೇಳಬಹುದು. ಸೀಸಿಯಂ-೧೩೪ಕ್ಕೆ ಎರಡು ವರ್ಷ ಸಾಕು. ೧೩೭ಕ್ಕೆ ಮೂವತ್ತು ಬೇಕು. ೧೩೫ಕ್ಕೆ ಇಪ್ಪತ್ತಮೂರು ಲಕ್ಷ ವರ್ಷ. ನಿಮ್ಮ ಬೋರ್ಡಿನಲ್ಲಿ ಮನೆತನ ಇತ್ತು, ಹೆಸರಿರಲಿಲ್ಲ.

ಹಾಗಾಗಿ ನಮ್ಮವರು ಎಣಿಸಿಯೇ ತಿಳಿಯಬೇಕಾಯಿತು. ಬೇಲಿಯ ಬಾಗಿಲಲ್ಲಿ ಒಂದು ಗುಡಿಸಲು, ಅದರೊಳಗೆ ಕಿರಣ ತಾಕಿದಾಗಲೆಲ್ಲ ಕಟ್ ಎನ್ನುವ ಪೆಟ್ಟಿಗೆ. ಮರಳಿನ ಗಡಿಯಾರ ತಿರುವಿಟ್ಟು, ಅದು ಖಾಲಿಯಾಗುವವರೆಗೆ ಸದ್ದಿಗೊಂದರಂತೆ ಹುಣಸೆಬೀಜ ಗಡಿಗೆಗೆ ಹಾಕುವವಳೇ ಎಣಿಕೆಯವ್ವ. ಮೊದಲ ಸಲ ಸಾವಿರದ ಐವತ್ತು ಬೀಜ ಬಿದ್ದವು. ಮೂವತ್ತು ವರ್ಷದ ಮೇಲೆ ಐನೂರ ನಲವತ್ತು. ಊರಿಗೆ ಊರೇ ಕುಣಿಯಿತಂತೆ: ಇದು ೧೩೭, ಹತ್ತು ಸಲ ಅರ್ಧವಾದರೆ ಬಾಗಿಲು ತೆರೆಯಬಹುದು! ಅಂದಿನಿಂದ ಮೂವತ್ತು ವರ್ಷಕ್ಕೆ ನಾವು ಒಂದು ಅರೆ ಎನ್ನುತ್ತೇವೆ. ಅರೆ ತುಂಬಿದ ದಿನ ಹಬ್ಬ, ಹೋಳಿಗೆ. ಸವಳು ನೀರಿನ ಹೋಳಿಗೆ.

ಹೋಗಹೋಗುತ್ತ ಲೆಕ್ಕ ತಪ್ಪಿತು. ಎಂಟನೆಯ ಹಬ್ಬಕ್ಕೆ ನಾಲ್ಕು ಬೀಜವಾಗಬೇಕಿತ್ತು, ಮೂವತ್ತನಾಲ್ಕಾದವು. ಒಂಬತ್ತನೆಯದಕ್ಕೆ ಎಣಿಸಿದವಳು ನನ್ನ ಅವ್ವ ಹಂಪವ್ವ. ಎರಡಾಗಬೇಕಿತ್ತು, ಮೂವತ್ತೆರಡು! ಅವ್ವ ಮೂರು ಸಲ ಎಣಿಸಿದಳು. ಆಮೇಲೆ ನೆರೆದ ಜನದ ಮುಂದೆ ಗಡಿಗೆ ಬೋರಲು ಹಾಕಿ ಹೇಳಿದಳು: "ಇದರಾಗ ಆ ೧೩೫, ಹಳೇ ದಾಯಾದಿ, ಸೇರ್ಯಾನ್ರಪ್ಪೋ. ಇದು ನಮ್ಮ ಕಾಲಕ್ಕ ಮುಗಿಯೂದಲ್ಲ." ಅವಳ ಹೊಟ್ಟೆಯಲ್ಲಿ ಹುಣ್ಣಿತ್ತು. ವೈದ್ಯರು ಸಿಹಿನೀರು ಕುಡಿ ಎಂದಿದ್ದರು. ಎಣಿಕೆ ಎರಡಕ್ಕಿಳಿದರೆ ಹತ್ತನೆಯದಕ್ಕೆ ಕಾಯದೆ ಆ ಹಬ್ಬದ ದಿನವೇ ಒಂದು ತಂಬಿಗೆ ಸಿಕ್ಕೀತೆಂದು ಕಾದಿದ್ದಳು. ಸಾಯುವ ಕಾಲಕ್ಕೂ ಸಿಹಿನೀರಿನ ಮಾತನ್ನೇ ಆಡಿದಳು, ನಾನು ಬಾಯಿಗೆ ಬಿಟ್ಟದ್ದು ಸವಳನ್ನೇ.

ಈ ಸಲ ಹಬ್ಬಕ್ಕೆ ನಾಲ್ಕು ದಿನವಿರುವಾಗ ಗುಡಿಸಲಿನ ಸೂರು ಕುಸಿಯಿತು. ಪೆಟ್ಟಿಗೆಯನ್ನು ಎಲ್ಲಿಡುವುದು? ಅದನ್ನು ಊರೊಳಗೆ ತಂದರೆ ಹೊಲದ ಕೇಡೂ ಹಿಂದೆಯೇ ಬರುತ್ತದೆಂದು ನಮ್ಮ ನಂಬಿಕೆ. ಮುನ್ನೂರು ವರ್ಷದಲ್ಲಿ ಯಾರೂ ತಂದಿರಲಿಲ್ಲ. ನಾನು ಬೇರೆ ದಾರಿ ಕಾಣದೆ ತಲೆಯ ಮೇಲೆ ಹೊತ್ತು ತಂದು ಮನೆಯ ಕಲ್ಲುಕಟ್ಟೆಯ ಮೇಲಿಟ್ಟೆ. ರೊಟ್ಟಿ ಬಡಿಯುತ್ತಿದ್ದ ನನ್ನ ನಾದಿನಿ ಸಿದ್ಲಿಂಗವ್ವ ಒಳಗಿನಿಂದಲೇ ಕೂಗಿದಳು: "ಅಯ್ಯ ವೈನಿ, ನಿಮ್ಮ ಪೆಟ್ಟಿಗಿ ಇಲ್ಲೂ ಕಟಕಟ ಅನ್ನಾಕತ್ತೈತಲ್ಲ! ಕಟ್ಟಿ ಕೆಳಗೂ ಏನರ ಹುಗದೀರೇನು?"

ಅಲ್ಲೇ ಗಡಿಯಾರ ತಿರುವಿ ಎಣಿಸಿದೆ. ಮೂವತ್ತಮೂರು. ಮಠದ ಮೆಟ್ಟಿಲ ಮೇಲೆ ಎಣಿಸಿದೆ, ಇಪ್ಪತ್ತೊಂಬತ್ತು. ಮೂರು ಹರಿದಾರಿ ದೂರದ ಬೀಗರ ಅಂಗಳಕ್ಕೆ ಒಯ್ದೆ, ಮೂವತ್ತೊಂದು. ಕಲ್ಲಿನಲ್ಲಿ, ಮಣ್ಣಿನಲ್ಲಿ, ಆಕಾಶದಿಂದ, ಎಲ್ಲಿಟ್ಟರೂ ಅದು ಅಷ್ಟು ಸದ್ದು ಮಾಡಿಯೇ ಮಾಡುತ್ತದೆ! ಲಾರಿ ಬರುವ ಮೊದಲೂ ಮಾಡುತ್ತಿತ್ತು. ಹಳೇ ದಾಯಾದಿ ಯಾರೂ ಇರಲಿಲ್ಲ. ಬೀಗರ ಅಂಗಳದಲ್ಲಿ ಕೂತು ನಾನು ನಕ್ಕೆ, ಆಮೇಲೆ ಅಳುತ್ತಲೇ ಪೆಟ್ಟಿಗೆ ಹೊತ್ತು ತಂದೆ.

ಹಬ್ಬದ ದಿನ ಹೊಲದಲ್ಲಿ ಮೂವತ್ತೊಂದು ಬಂತು. ಬಾವಿಯ ಕೆಸರನ್ನೂ ನೀರನ್ನೂ ಪೆಟ್ಟಿಗೆಯ ಮುಂದಿಟ್ಟು ನೋಡಿದೆವು, ಅಷ್ಟೇ. ಬಾಗಿಲು ತೆಗೆದೆವು. ಬಾವಿ ತೊಳೆಯಲು ಎಂಟು ದಿನ ಹಿಡಿಯಿತು. ಈಗ ನಮ್ಮ ಮನೆಯಲ್ಲಿ ಬೇಳೆ ಎರಡು ಕುದಿಗೆ ಬೇಯುತ್ತದೆ, ಹಾಲು ಹಾಕಿದ ಚಹಾ ಒಡೆಯುವುದಿಲ್ಲ. ಸಿದ್ಲಿಂಗವ್ವ ದಿನಕ್ಕೆ ಆರು ಸಲ ಕುಡಿಯುತ್ತಾಳೆ. ಇಬ್ಬರು ಗಂಡಸರಿಗೆ ಸಂಬಂಧ ಕುದುರಿದೆ. ನನಗೆ ಸುಖವಾಗಿದೆ, ಸುಳ್ಳೇಕೆ ಹೇಳಲಿ. ತಂಬಿಗೆ ಎತ್ತಿದಾಗ ಮಾತ್ರ ಅವ್ವನ ನೆನಪಾಗುತ್ತದೆ. ಅವಳು ಎಣಿಸಿದ ಮೂವತ್ತೆರಡೂ ಇದೇ ಸದ್ದಾಗಿತ್ತು. ಅಂದೇ ಅವಳು ಕುಡಿಯಬಹುದಿತ್ತು.

ಆದ್ದರಿಂದ ಒಂದು ಕೋರಿಕೆ. ಬೋರ್ಡು ಬರೆಯುವಾಗ ಸೀಸಿಯಂ ಎಂಬುದರ ಮುಂದೆ ೧೩೭ ಎಂದು ಬರೆಯಿರಿ. ಕೆಳಗೆ ಜಾಗವಿರುತ್ತದೆ, ನಾನು ನೋಡಿದ್ದೇನೆ. ಅಲ್ಲಿ, "ಪೆಟ್ಟಿಗೆಯನ್ನು ಬೇಲಿಯಿಂದ ದೂರ ಒಯ್ದು ಅಲ್ಲಿಯೂ ಒಮ್ಮೆ ಎಣಿಸಿರಿ" ಎಂದು ಸೇರಿಸಿ. ಬಣ್ಣ ಹೆಚ್ಚೇನೂ ಹಿಡಿಯದು.

ನೀವು ಬೋರ್ಡು ಬರೆದು ಮುಗಿಸಿದ ಗಳಿಗೆಯಲ್ಲೇ ಈ ಕಾಗದ ನಿಮ್ಮ ಕೈಯಿಂದ ಮಾಯವಾದರೆ ಗಾಬರಿಯಾಗಬೇಡಿ. ನಮ್ಮ ಅವ್ವ ನೀರು ಕುಡಿದಳೆಂದು ತಿಳಿಯಿರಿ.

ಇಂತು,
ಕೊಟ್ರವ್ವ