ಆಕಳಿಕೆಗೆ ಎದ್ದ ಕೈ

ದೊಡ್ಡಮ್ಮನಿಗೆ ಪುಟ್ಟಿಯ ನಮಸ್ಕಾರ. ಸುಖವಾಗಿ ತಲುಪಿದೆ. ಸ್ವಲ್ಪ ಶೀತ, ಅಷ್ಟೇ.

ಮಿದುಳು ಕೈಕಾಲುಗಳನ್ನು ಹೇಗೆ ಆಡಿಸುತ್ತದೆ ಎಂದು ಇಷ್ಟು ವರ್ಷ ಸಂಶೋಧನೆ ಮಾಡಿದವಳು ಇವತ್ತು ಆಸ್ಪತ್ರೆಯಲ್ಲಿ ಒಬ್ಬ ಲಾರಿ ಡ್ರೈವರ್ ಎದುರು ಪೆದ್ದಿಯಂತೆ ನಿಂತೆ. ಪಾರ್ಶ್ವವಾಯು ಹೊಡೆದು ಅವರ ಬಲಗೈ ಬಿದ್ದುಹೋಗಿದೆ. ಎತ್ತಿ ಎಂದರೆ ಬೆವರುತ್ತಾರೆ, ಬೆರಳೂ ಅಲುಗುವುದಿಲ್ಲ. ಸ್ನಾಯುಗಳ ಪರೀಕ್ಷೆಗೆಂದು ನಾನು ಆ ತೋಳಿಗೆ ತಂತಿ ಅಂಟಿಸುತ್ತಿದ್ದಾಗ ಅವರಿಗೆ ದೊಡ್ಡದೊಂದು ಆಕಳಿಕೆ ಬಂತು. ಕೈ ತಾನೇ ತಾನಾಗಿ ಎದೆಯವರೆಗೆ ಎದ್ದಿತು. ಆಕಳಿಕೆ ಮುಗಿದದ್ದೇ ತಡ, ತೊಡೆಯ ಮೇಲೆ ಬಿತ್ತು.

ಪಕ್ಕದಲ್ಲೇ ನಿಂತಿದ್ದ ಅವರ ಹೆಂಡತಿಯ ಮುಖ ಕೆಂಪಾಯಿತು. "ಇಷ್ಟು ದಿನ ತುತ್ತು ಮಾಡಿ ಬಾಯಿಗಿಟ್ಟೆ. ನಾಟಕ ಆಡ್ತಿದ್ರಾ?"

"ನಾನು ಎತ್ತಲಿಲ್ಲ ಕಣೇ" ಎಂದ ಅವರ ಕಣ್ಣು ತುಂಬಿತ್ತು.

ನಾಟಕವಲ್ಲ, ಅಪರೂಪಕ್ಕೆ ಹೀಗಾಗುವುದುಂಟು ಎಂದೆ.

"ಹಾಗಾದ್ರೆ ಎತ್ತಿದ್ದು ಯಾರು ಡಾಕ್ಟ್ರೇ?" ಎಂದು ಆಕೆ ಕೇಳಿದರು.

ಆಕಳಿಕೆಗೆ ಮಿದುಳಿನಲ್ಲಿ ಬೇರೆ ದಾರಿ ಇರಬಹುದು ಎಂದು ಏನೋ ತಡವರಿಸಿದೆ. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಾಗ ತಲೆಬುಡ ತಿಳಿಯಲಿಲ್ಲ. ಎತ್ತಿದವರು ಅವರಲ್ಲ, ಕೈ ಮಾತ್ರ ಅವರದೇ.

ಚಹಾ ಕುಡಿದು ಬಂದು ನೋಡಿದರೆ, ಆಕೆ ಗಂಡನೆದುರು ಕುರ್ಚಿ ಎಳೆದುಕೊಂಡು ಕೂತು ಬೇಕೆಂದೇ ಆಕಳಿಸುತ್ತಿದ್ದರು. ಕೊನೆಗೆ ಗಂಡನಿಗೂ ಆಕಳಿಕೆ ಬಂತು, ಕೈ ಎದ್ದಿತು. ಆಕೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಬೀಳಗೊಡಲಿಲ್ಲ.

ಮಂಡಿನೋವಿನ ಮಾತ್ರೆ ಊಟದ ಮೇಲೆಯೇ ತಗೋ. ಅಂಚೆಯವನು ಡಬ್ಬ ತೆರೆಯುತ್ತಿದ್ದಾನೆ, ಓಡುತ್ತೇನೆ.

ನಿನ್ನ ಪುಟ್ಟಿ