ಬೆಳಗಾವಿಯಲ್ಲಿ ಕೊಂಡ ರೈಫಲ್

ಅಪ್ಪಾ,

ನೀವು ತೀರಿಕೊಂಡ ಮೇಲೆ ನಿಮಗೆ ಬರೆಯುತ್ತಿರುವುದು ಇದೇ ಮೊದಲು. ನಿನ್ನೆ ಚಿಕ್ಕೋಡಿಯಿಂದ ಬೆಳಗಾವಿಗೆ ಹೋಗಿ, ಪರವಾನಗಿ ತೋರಿಸಿ, ಸೈನ್ಯ ಬಳಸಿ ಬಿಟ್ಟ ಹಳೆಯ ಬೋಲ್ಟ್ ರೈಫಲ್ ಒಂದನ್ನು ಕೊಂಡೆ. ಗುರಿ ಹೊಡೆಯುವ ಸ್ಪರ್ಧೆಗೆ ಬೇಕಿತ್ತು.

"ಮನ್ಯಾಗಿನ ಗಂಡಸರು ಯಾರೂ ಬಂದಿಲ್ಲೇನ್ರಿ?" ಎಂದರು ಅಂಗಡಿಯ ಮುದುಕರು.

ನಾನು ರೈಫಲ್ಲಿನ ಬೋಲ್ಟಿನ ಹಿಡಿ ಎತ್ತಿ ಹಿಂದಕ್ಕೆಳೆದೆ. ಒಳಗೆ ಗುಂಡಿಲ್ಲವೆಂದು ಬೆರಳಿಟ್ಟು ನೋಡಿ, ಮತ್ತೆ ಮುಚ್ಚಿದೆ.

"ಭಾಳ ಚೊಲೋ ಹಿಡಿತೀರಿ. ಯಾರು ಕಲಿಸ್ಯಾರ್ರಿ?"

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಅಂಗಳದಲ್ಲಿ ನೀವು ಅಣ್ಣ ಸಂಗ್ರಾಮನಿಗೆ ಇದನ್ನೇ ಹೇಳಿಕೊಡುತ್ತಿದ್ದಿರಿ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಒಮ್ಮೆ ಹೊರಗೆ ಬಂದು ನಾನೂ ಬಂದೂಕಿಗೆ ಕೈ ಚಾಚಿದಾಗ, "ಒಲಿ ಮ್ಯಾಲಿನ ರೊಟ್ಟಿ ನೋಡ್ಹೋಗು" ಎಂದಿದ್ದಿರಿ.

"ನಮ್ಮ ಅಪ್ಪಾ ಕಲಿಸ್ಯಾರ್ರಿ" ಎಂದೆ.

ಪೂನಮ